ಬಸ್ಸಿನ ದುಡ್ಡು ಯಾರು ಕೊಡುತ್ತಾರೆ?

(ಶಿವಮೊಗ್ಗದಲ್ಲಿ ಹಳೆಯ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ. ಮಕ್ಕಳ ಹೆಸರು, ಊರು ಎಲ್ಲೂ ಹೇಳಿಲ್ಲ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.)

ಎಲ್ಲರಿಗೂ ನಮಸ್ಕಾರ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಅದರಲ್ಲಿ ಜಾಸ್ತಿ ವರ್ಷ ಕಳೆದಿದ್ದು ತೀರ್ಥಹಳ್ಳಿ, ಹೊಸನಗರ ಕಡೆಯ ಶಾಲೆಗಳಲ್ಲಿ. ಹತ್ತು ಹನ್ನೆರಡು ವರ್ಷದಿಂದ ನಾವು ಕೆಲವು ಶಿಕ್ಷಕರು, ಸ್ನೇಹಿತರು ಸೇರಿಕೊಂಡು ಒಂದಿಷ್ಟು ಮಕ್ಕಳ ಓದಿನ ಖರ್ಚು ನೋಡಿಕೊಳ್ಳುತ್ತಿದ್ದೇವೆ. ಸಂಘ ಅಂತ ಹೆಸರಿಟ್ಟುಕೊಂಡಿಲ್ಲ. ಒಂದು ಲೆಕ್ಕದ ಪುಸ್ತಕ ಇದೆ, ಅಷ್ಟೇ.

ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಆಗಾಗ ಫೋನ್ ಮಾಡುತ್ತಾರೆ. "ಮೇಡಂ, ಒಂದು ಮಗುವಿನ ಓದು ನೋಡಿಕೊಳ್ಳಬೇಕು ಅಂತ ಆಸೆ. ವರ್ಷಕ್ಕೆ ಫೀಸು ಎಷ್ಟಾಗುತ್ತದೆ?" ಅಂತ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಸರ್ಕಾರಿ ಹೈಸ್ಕೂಲಿನಲ್ಲಿ ಫೀಸು ಹೆಸರಿಗೆ ಮಾತ್ರ ಅಂತ ಹೇಳಿದರೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ. ಪಠ್ಯಪುಸ್ತಕ ಸರ್ಕಾರವೇ ಕೊಡುತ್ತದೆ. ಯೂನಿಫಾರ್ಮ್ ಕೊಡುತ್ತದೆ. ಬಿಸಿಯೂಟ ಹತ್ತನೇ ತರಗತಿವರೆಗೂ ಇದೆ. 2013ರಿಂದ ಹಾಲೂ ಇದೆ. "ಹಾಗಾದರೆ ಮಕ್ಕಳು ಯಾಕೆ ಶಾಲೆ ಬಿಡುತ್ತಾರೆ?" ಅಂತ ಅವರು ಕೇಳಬೇಕು. ಕೆಲವರು ಕೇಳುತ್ತಾರೆ. ಇವತ್ತು ಆ ಪ್ರಶ್ನೆಗೇ ಉತ್ತರ ಹೇಳಬೇಕು ಅಂತ ಬಂದಿದ್ದೇನೆ.

ಒಂದು ಹುಡುಗಿಯ ಕತೆ ಹೇಳುತ್ತೇನೆ. 2022ರ ಜೂನ್. ಅವಳು ಏಳನೇ ತರಗತಿ ಮುಗಿಸಿದ್ದಳು. ಏಳರವರೆಗೆ ಶಾಲೆ ಊರಲ್ಲೇ ಇತ್ತು. ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಎಂಟಕ್ಕೆ ಹೋಬಳಿ ಊರಿನ ಹೈಸ್ಕೂಲಿಗೆ ಬರಬೇಕು. ಮನೆಯಿಂದ ಟಾರ್ ರಸ್ತೆಗೆ ಎರಡೂವರೆ ಕಿಲೋಮೀಟರ್ ಕಾಡು ದಾರಿ. ಮಧ್ಯೆ ಒಂದು ಹಳ್ಳ, ಅದರ ಮೇಲೆ ಅಡಿಕೆ ಮರದ ಕಾಲುಸಂಕ. ರಸ್ತೆಗೆ ಬಂದ ಮೇಲೆ ಬೆಳಿಗ್ಗೆ 7:10ಕ್ಕೆ ಒಂದು ಖಾಸಗಿ ಬಸ್. ಅದು ತಪ್ಪಿದರೆ ಮುಂದಿನದು 11 ಗಂಟೆಗೆ.

ಜುಲೈ ತಿಂಗಳಲ್ಲಿ ಅವಳು ಶಾಲೆಗೆ ಬರುತ್ತಿದ್ದ ರೀತಿ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಬ್ಯಾಗನ್ನು ಯೂರಿಯಾ ಚೀಲದೊಳಗೆ ಹಾಕಿ ಬಾಯಿ ಕಟ್ಟಿರುತ್ತಿದ್ದಳು. ಛತ್ರಿಯ ಎರಡು ಕಡ್ಡಿ ಮುರಿದಿತ್ತು. ಶಾಲೆಯ ಜಗಲಿಯಲ್ಲಿ ಕೂತು ಮೊದಲು ಕಾಲಿಗೆ ಹತ್ತಿದ ಉಂಬಳ, ಅಂದರೆ ಜಿಗಣೆ, ಕಿತ್ತು ಬಿಸಾಕಿ, ಆಮೇಲೆ ಲಂಗದ ಅಂಚು ಹಿಂಡಿ, ಒಳಗೆ ಬರುತ್ತಿದ್ದಳು. ಒದ್ದೆ ಬಟ್ಟೆಯಲ್ಲೇ ಸಂಜೆವರೆಗೆ ಇರುತ್ತಿದ್ದಳು. ಯೂನಿಫಾರ್ಮ್ ಎರಡು ಜೊತೆ ಇತ್ತು ನಿಜ. ಆದರೆ ನಮ್ಮ ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗಲು ಮೂರು ದಿನ ಬೇಕು, ಅದೂ ಒಲೆಯ ಮೇಲೆ ಹರವಿದರೆ. ಅವಳ ಬಟ್ಟೆಗೆ ಯಾವಾಗಲೂ ಹೊಗೆ ವಾಸನೆ. ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡರೆ ಅವಳು ಕಿಟಕಿ ಕಡೆ ಸರಿಯುತ್ತಿದ್ದಳು.

ಆಗಸ್ಟ್ ಹೊತ್ತಿಗೆ ವಾರಕ್ಕೆ ಮೂರು ದಿನ ಗೈರು. ಮನೆಗೆ ಹೋದೆ. ತಂದೆ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ತಾಯಿ ತೋಟದ ಕೆಲಸಕ್ಕೆ ಹೋಗುತ್ತಾರೆ. ಆಕೆ ನನಗೆ ಮಣೆ ಹಾಕಿ, ಬೆಲ್ಲ ನೀರು ಕೊಟ್ಟು, ಬಾಗಿಲ ಹತ್ತಿರ ನಿಂತುಕೊಂಡೇ ಹೇಳಿದರು: "ಓದಿಸಬಾರದು ಅಂತ ಅಲ್ಲ ಮೇಡಂ. ಬಸ್ಸಿಗೆ ದಿನಾ ನಲವತ್ತು ರೂಪಾಯಿ. ಮಳೆಗಾಲದಲ್ಲಿ ನಂಗೇ ವಾರಕ್ಕೆ ಎರಡು ದಿನ ಕೆಲಸ ಸಿಕ್ಕಿದ್ರೆ ಹೆಚ್ಚು. ಎಲ್ಲಿಂದ ತರ್ಲಿ?"

ದಿನಕ್ಕೆ 40. ತಿಂಗಳಲ್ಲಿ 24 ದಿನ ಅಂದರೆ 960 ರೂಪಾಯಿ. ಆ ಹುಡುಗಿಯ ಓದು ನಿಂತಿದ್ದು ಇಷ್ಟು ದುಡ್ಡಿನ ಮೇಲೆ. ಅದಕ್ಕೆ ರಸೀದಿ ಇಲ್ಲ, ಯೋಜನೆ ಇಲ್ಲ. ಫೀಸು ಕಟ್ಟುತ್ತೇನೆ ಅಂತ ಬಂದವರಿಗೆ ಅದು ಖರ್ಚು ಅಂತಲೇ ಅನ್ನಿಸುವುದಿಲ್ಲ.

ಇಲ್ಲಿ ಒಬ್ಬರು ಕೇಳಿದರು: "ಹುಡುಗಿಯರಿಗೆ ಬಸ್ ಫ್ರೀ ಅಲ್ವಾ ಮೇಡಂ?"

ಹೌದು, 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ತುಂಬಾ ಹೆಣ್ಣುಮಕ್ಕಳಿಗೆ ಅನುಕೂಲ ಆಗಿದೆ, ನಾನೇ ನೋಡಿದ್ದೇನೆ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಒಳಭಾಗದಲ್ಲಿ ಕೆಂಪು ಬಸ್ ಎಷ್ಟು ಕಡೆ ಬರುತ್ತದೆ ಹೇಳಿ? ಮಲೆನಾಡು ಓಡಾಡಿದ್ದೇ ಖಾಸಗಿ ಬಸ್ಸಿನಲ್ಲಿ. ಕೊಪ್ಪದ ಸಹಕಾರ ಸಾರಿಗೆ ನಿಮಗೆಲ್ಲ ನೆನಪಿದೆ. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಕೊಡುತ್ತಿತ್ತು. 2020ರಲ್ಲಿ ಅದೂ ನಿಂತಿತು. ಎಂಟನೇ ತರಗತಿಗೆ ಬಂದ ಮಕ್ಕಳಿಗೆ 2006ರಿಂದ ಸೈಕಲ್ ಕೊಡುತ್ತಿದ್ದರು, ಕೋವಿಡ್ ಬಂದ ಮೇಲೆ ಅದೂ ನಿಂತಿತು. ನಮ್ಮ ಘಟ್ಟದ ಏರು ದಾರಿಯಲ್ಲಿ ಸೈಕಲ್ ತುಳಿದದ್ದಕ್ಕಿಂತ ತಳ್ಳಿದ್ದೇ ಜಾಸ್ತಿ, ಆದರೂ ಬಯಲು ರಸ್ತೆ ಇದ್ದ ಕಡೆ ಅದು ದೊಡ್ಡ ಆಸರೆಯಾಗಿತ್ತು.

ದಾರಿ ಅನ್ನುವುದು ನಮ್ಮಲ್ಲಿ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ತುಮರಿ ಕಡೆಯವರನ್ನು ಕೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಶರಾವತಿ ಹಿನ್ನೀರು ತುಂಬಿತು, ತುಮರಿ ನೀರಿನ ಆಚೆ ದಡದಲ್ಲಿ ಉಳಿಯಿತು. ಅಲ್ಲಿಂದ ಸಾಗರಕ್ಕೆ ಕಾಲೇಜಿಗೆ ಅಂತ ಬರಬೇಕಾದ ಮಕ್ಕಳು ಲಾಂಚ್ ಕಾಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಸೇತುವೆಗೆ ಅರವತ್ತು ವರ್ಷ ಕಾದರು. ಇಡೀ ನಾಡಿಗೆ ಬೆಳಕು ಕೊಡಲು ಮನೆ, ಗದ್ದೆ ಬಿಟ್ಟವರು ಅವರು. ಅವರ ಮಕ್ಕಳ ಓದಿಗೆ ನಾವು ಕೊಡುವುದನ್ನು ದಾನ ಅಂತ ಕರೆಯಲು ನನಗಂತೂ ಬಾಯಿ ಬರುವುದಿಲ್ಲ.

ಮತ್ತೆ ನಮ್ಮ ಹುಡುಗಿಯ ಹತ್ತಿರ ಬರುತ್ತೇನೆ. ಅವಳಿಗೆ ಯಾಕೆ ಎಂಟನೇ ತರಗತಿಯಲ್ಲೇ ಕಷ್ಟ ಶುರುವಾಯಿತು? ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಅದು 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ತರಗತಿವರೆಗೆ. ನಮ್ಮಲ್ಲಿ ಹೆಚ್ಚಿನ ಹಳ್ಳಿಗಳಲ್ಲಿ ಶಾಲೆ ಇರುವುದು ಏಳರವರೆಗೆ. ಅಂದರೆ ಏಳಕ್ಕೆ ಊರಿನ ಶಾಲೆ ಮುಗಿಯುತ್ತದೆ, ಎಂಟಕ್ಕೆ ಕಾನೂನಿನ ರಕ್ಷಣೆ ಮುಗಿಯುತ್ತದೆ. ಅದೇ ಹೊತ್ತಿಗೆ ಮಗು ಕೂಲಿ ಮಾಡುವಷ್ಟು ದೊಡ್ಡದಾಗಿರುತ್ತದೆ. ಹುಡುಗಿಯಾದರೆ ನೆಂಟರು ಮದುವೆ ಮಾತು ಎತ್ತಲು ಶುರು ಮಾಡುತ್ತಾರೆ. ಈ ಮೂರು ವರ್ಷ, ಎಂಟು ಒಂಬತ್ತು ಹತ್ತು, ಮಗುವಿನ ಕೈ ಹಿಡಿದುಕೊಂಡರೆ ಆಮೇಲೆ ಅದು ತಾನೇ ನಡೆಯುತ್ತದೆ. ಕಾಲೇಜಿಗೆ ಸಹಾಯ ಮಾಡುವವರು ತುಂಬಾ ಜನ ಇದ್ದಾರೆ. ಇಂಜಿನಿಯರಿಂಗ್ ಸೀಟು ಸಿಕ್ಕವನಿಗೆ ಇಡೀ ಊರೇ ಕೊಡುತ್ತದೆ. ಎಂಟನೇ ತರಗತಿಯ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ.

ಬಸ್ಸಿನ ದುಡ್ಡು ಕೊಟ್ಟೆವು. ಒಂದು ಗಟ್ಟಿ ಛತ್ರಿ, ಒಂದು ರೇನ್‌ಕೋಟ್, ಇನ್ನೊಂದು ಜೊತೆ ಯೂನಿಫಾರ್ಮ್. ಶಾಲೆಯಲ್ಲೇ ಬಟ್ಟೆ ಬದಲಿಸಿಕೊಳ್ಳಲು ಒಂದು ಜೊತೆ ಇಡುವ ವ್ಯವಸ್ಥೆ ಮಾಡಿದೆವು. ತಿಂಗಳ ದಿನಗಳಿಗೆ ಬೇಕಾದ್ದು. ಅದನ್ನು ಅವಳು ಕೇಳುವುದಿಲ್ಲ, ಅವಳ ತಾಯಿಯೂ ಕೇಳುವುದಿಲ್ಲ, ಗಂಡಸರು ಯೋಚನೆಯನ್ನೇ ಮಾಡುವುದಿಲ್ಲ. ಹಾಗಾಗಿ ಇಲ್ಲಿ ಬಾಯಿ ಬಿಟ್ಟು ಹೇಳುತ್ತಿದ್ದೇನೆ. ಹಾಜರಿ ಸರಿಹೋಯಿತು.

ನವೆಂಬರ್ ಬಂತು. ಮತ್ತೆ ಅವಳು ಕ್ಲಾಸಿನಲ್ಲಿ ತೂಕಡಿಸಲು ಶುರು ಮಾಡಿದಳು. ಒಂದು ದಿನ ಅವಳ ಗಣಿತದ ನೋಟ್‌ಬುಕ್ ತಿದ್ದುತ್ತಿದ್ದೆ. ಪುಟದ ಬಲ ಅಂಚಿನಲ್ಲಿ ಕಪ್ಪು ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು. ಪುಟ ಮಗುಚಿದ ಕಡೆಯೆಲ್ಲ ಅದೇ ಗುರುತು. ಹಸಿ ಅಡಿಕೆಯ ಕರೆ. ನಿಮಗೆ ಗೊತ್ತು, ಅದು ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಅಡಿಕೆ ಗೊನೆಯ ಕೊಯ್ಲು ಶುರುವಾಗಿತ್ತು. ಸಂಜೆ ಬಸ್ಸಿಳಿದು ಮನೆಗೆ ಹೋದವಳು ತಾಯಿಯ ಜೊತೆ ಯಜಮಾನರ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹನ್ನೊಂದರವರೆಗೆ ಸುಲಿಯುತ್ತಿದ್ದಳು. ಡಬ್ಬದ ಲೆಕ್ಕ. ಎಷ್ಟು ಡಬ್ಬ ಸುಲಿದರೆ ಅಷ್ಟು ದುಡ್ಡು. ಈಗ ಸುಲಿಯುವ ಮಷೀನ್ ತುಂಬಾ ಕಡೆ ಬಂದಿದೆ, ಆದರೂ ಕೈಯಲ್ಲಿ ಸುಲಿಸುವವರು ಇದ್ದೇ ಇದ್ದಾರೆ.

ನಾನು ಬೈಯಲು ಹೋಗಲಿಲ್ಲ. ವರ್ಷದಲ್ಲಿ ಆ ಮನೆಗೆ ನಾಲ್ಕು ಕಾಸು ಕೈಗೆ ಸಿಗುವುದೇ ಆ ಎರಡು ಮೂರು ತಿಂಗಳು. ಸಾಲ ತೀರಿಸುವುದು ಆಗಲೇ. ಹೋಗಿ ಮಾತಾಡಿದೆ. ಆ ತಿಂಗಳುಗಳಲ್ಲಿ ನಾವು ಕೊಡುವ ದುಡ್ಡನ್ನು ಸ್ವಲ್ಪ ಜಾಸ್ತಿ ಮಾಡಿದೆವು. ಹುಡುಗಿ ಶನಿವಾರ, ಭಾನುವಾರ ಬಿಟ್ಟರೆ ಉಳಿದ ದಿನ ಅಂಗಳಕ್ಕೆ ಬರುವುದಿಲ್ಲ ಅಂತ ತಾಯಿ ಒಪ್ಪಿಕೊಂಡರು. ಅಂದಿನಿಂದ ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ಬದಲಾವಣೆ ಆಯಿತು. ವರ್ಷಕ್ಕೊಂದು ಸಲ ಜೂನ್‌ನಲ್ಲಿ ಚೆಕ್ ಕೊಡುವುದನ್ನು ಬಿಟ್ಟೆವು. ಮಲೆನಾಡಿನ ಬಡ ಮನೆಗೆ ಎರಡು ಕಷ್ಟದ ಕಾಲ: ಆಷಾಢದ ಮಳೆಯಲ್ಲಿ ಕೆಲಸ ಇಲ್ಲದ ದಿನಗಳು, ಅಡಿಕೆ ಸುಗ್ಗಿಯಲ್ಲಿ ಕೆಲಸ ಜಾಸ್ತಿ ಇರುವ ದಿನಗಳು. ದುಡ್ಡು ಆ ಹೊತ್ತಿಗೆ ತಲುಪಬೇಕು. ತಿಂಗಳು ತಿಂಗಳು, ತಾಯಿಯ ಖಾತೆಗೆ.

ಈಗ ನಾವು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳಲೇಬೇಕು. ಇದು ಶುರುವಿನ ವರ್ಷಗಳದ್ದು. ಒಬ್ಬ ಹುಡುಗ, ಒಂಬತ್ತನೇ ತರಗತಿ. ಚುರುಕಿದ್ದ. ದಾನಿಗಳು ಊರಿಗೆ ಬಂದಾಗ ನಾವೇ ಸಣ್ಣ ಕಾರ್ಯಕ್ರಮ ಮಾಡಿದೆವು. ವೇದಿಕೆ, ಶಾಲು, ಹಾರ, ದೊಡ್ಡ ರಟ್ಟಿನ ಚೆಕ್. ಹುಡುಗನ ಅಪ್ಪನಿಗೆ ಕುಡಿತದ ಚಟ ಇದ್ದಿದ್ದನ್ನೂ ಮೈಕಿನಲ್ಲಿ ಹೇಳಿದರು, ಕನಿಕರ ಬರಲಿ ಅಂತ. ಫೋಟೋ ಪೇಪರಿನಲ್ಲಿ ಬಂತು. ಅದನ್ನು ಕತ್ತರಿಸಿ ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಿದವಳು ನಾನೇ. ಹೆಮ್ಮೆಯಿಂದ ಹಚ್ಚಿದ್ದೆ. ಮಾರನೇ ದಿನದಿಂದ ಹುಡುಗರು ಅವನನ್ನು "ಚೆಕ್ಕು" ಅಂತ ಕರೆಯಲು ಶುರು ಮಾಡಿದರು. ನನಗೆ ಗೊತ್ತಾಗಿದ್ದು ಅವನು ಶಾಲೆ ಬಿಟ್ಟ ಮೇಲೆ. ಮನೆಗೆ ಹೋದರೆ ಹಿತ್ತಲ ಬಾಗಿಲಿಂದ ಹೊರಟುಹೋದ. ಅವನ ಅಜ್ಜಿ ಹೇಳಿದರು: "ದುಡ್ಡು ವಾಪಸ್ ಕೊಡ್ತಾನಂತೆ. ಆ ಫೋಟೋ ತೆಗೀರಿ ಅಂತ ಹೇಳು ಅಂದ."

ಫೋಟೋ ತೆಗೆದೆ. ಅವನು ಶಾಲೆಗೆ ಮರಳಲಿಲ್ಲ.

ಅದಕ್ಕೇ ಇಲ್ಲಿ ಹೆಸರು, ಊರು ಹೇಳುತ್ತಿಲ್ಲ. ಮಗುವಿನ ಫೋಟೋ ಕಳಿಸಿ ಅಂತ ಕೇಳುವವರಿಗೆ ನಾನು ಇಲ್ಲ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ದುಡ್ಡು ಎಲ್ಲಿ ಹೋಯಿತು ಅಂತ ಕೇಳುವ ಹಕ್ಕು ನಿಮಗೆ ಖಂಡಿತ ಇದೆ. ಹಾಜರಿ ಎಷ್ಟು, ಏನಕ್ಕೆ ಎಷ್ಟು ಖರ್ಚಾಯಿತು, ಎಲ್ಲ ಬರೆದು ಕಳಿಸುತ್ತೇವೆ. ಮುಖ ಮಾತ್ರ ಕೇಳಬೇಡಿ. ಮಗುವಿನ ಫೋನ್ ನಂಬರೂ ಬೇಡ. ಏನೇ ಇದ್ದರೂ ಶಿಕ್ಷಕರ ಮೂಲಕ, ತಾಯಿಯ ಎದುರಿಗೆ. ಇದು ಅಪನಂಬಿಕೆ ಅಲ್ಲ, ಮಗುವಿನ ಸುರಕ್ಷತೆ. ತೆರಿಗೆ ವಿನಾಯಿತಿ ಬೇಕು ಅನ್ನುವವರು ಅದಕ್ಕೆ ಅನುಮತಿ ಇರುವ ಟ್ರಸ್ಟ್ ಮೂಲಕ ಕೊಡಿ. ನೇರವಾಗಿ ಮನೆಗೆ ಕೊಟ್ಟರೆ ಅದು ಸಿಗುವುದಿಲ್ಲ.

"ಯಾವ ಮಗುವನ್ನು ಆರಿಸಬೇಕು? ಜಾಸ್ತಿ ಮಾರ್ಕ್ಸ್ ತೆಗೆದವರನ್ನಾ?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು.

ಮೊದಲು ನಾವೂ ಹಾಗೇ ಮಾಡುತ್ತಿದ್ದೆವು. ಆಮೇಲೆ ಬಿಟ್ಟೆವು. ಚೆನ್ನಾಗಿ ಓದುವ ಮಗುವಿಗೆ ಬೇರೆ ದಾರಿಗಳಿವೆ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಅಂತ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದ ಒಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಇಷ್ಟು ದೊಡ್ಡ ಸಹಾಯಕ್ಕೆ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಶನಿವಾರ ಮಧ್ಯಾಹ್ನ ಬಿಡುವಿದ್ದರೆ ಹತ್ತಿರದ ಶಾಲೆಗೆ ಹೋಗಿ ನಾಲ್ಕು ಮಕ್ಕಳಿಗೆ ಆ ಪರೀಕ್ಷೆಯ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಗಳನ್ನು ಹೇಳಿಕೊಡಿ. ಅದು ದುಡ್ಡು ಕೊಟ್ಟಷ್ಟೇ ದೊಡ್ಡ ಕೆಲಸ.

ನಾವು ಹುಡುಕುವುದು ನೂರಕ್ಕೆ ನಲವತ್ತು ಐವತ್ತು ತೆಗೆಯುವ ಮಗುವನ್ನು. ಮಾರ್ಕ್ಸ್ ನೋಡಿ ಕೊಡುವ ಯಾವ ಸ್ಕಾಲರ್‌ಶಿಪ್ಪೂ ಅದಕ್ಕೆ ಸಿಗುವುದಿಲ್ಲ. ಒಂದು ತಿಂಗಳು ಶಾಲೆ ತಪ್ಪಿದರೆ ಫೇಲು. ಫೇಲಾದರೆ ಮದುವೆ, ಇಲ್ಲ ಅಂದರೆ ಶುಂಠಿ ಹೊಲದ ಕೂಲಿ. ಮಾರ್ಕ್ಸ್ ಕಡಿಮೆ ಆಯಿತು ಅಂತ ನಡುವೆ ಕೈಬಿಡಬೇಡಿ. ಇದನ್ನು ಬೇಡಿಕೊಂಡು ಹೇಳುತ್ತೇನೆ. ಶುರು ಮಾಡಿ ನಿಲ್ಲಿಸುವುದಕ್ಕಿಂತ ಶುರು ಮಾಡದಿರುವುದೇ ವಾಸಿ. ಯಾಕಂದರೆ ನಿಮ್ಮನ್ನು ನಂಬಿ ಆ ತಾಯಿ ಹಾಸ್ಟೆಲ್ ಸೀಟು ಬಿಟ್ಟಿರಬಹುದು, ಬೇರೆ ಯಾರನ್ನೋ ಕೇಳುವುದನ್ನು ಬಿಟ್ಟಿರಬಹುದು.

ಹಾಸ್ಟೆಲ್ ಅಂದಾಗ ನೆನಪಾಯಿತು. ದುಡ್ಡು ತೆಗೆಯುವ ಮೊದಲು ಮಗುವಿಗೆ ಸರ್ಕಾರದಿಂದ ಏನು ಸಿಗಬೇಕೋ ಅದು ಸಿಕ್ಕಿದೆಯಾ ನೋಡಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಹಿಂದುಳಿದ ವರ್ಗಗಳ ಹಾಸ್ಟೆಲ್, ಮೊರಾರ್ಜಿ ದೇಸಾಯಿ ವಸತಿ ಶಾಲೆ ಇವೆ. ಮೊರಾರ್ಜಿಗೆ ಸೇರುವುದು ಆರನೇ ತರಗತಿಗೆ, ಹಾಗಾಗಿ ಐದರಲ್ಲೇ ಹೇಳಬೇಕು. ಸ್ಕಾಲರ್‌ಶಿಪ್ಪಿಗೆ ಜಾತಿ–ಆದಾಯ ಪ್ರಮಾಣ ಪತ್ರ ಬೇಕು, ನಾಡಕಚೇರಿಗೆ ಹೋಗಬೇಕು. ಆಧಾರಿನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು ಹೆಸರು ಇರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಒಂದು ದಿನ ಕೂಲಿ ಬಿಟ್ಟು ಪೇಟೆಗೆ ಹೋಗಿ ಬರುವುದು ಆ ತಾಯಿಗೆ ಎಷ್ಟು ಕಷ್ಟ ಯೋಚಿಸಿ. ಜೊತೆಗೆ ಹೋಗಿ, ಅರ್ಜಿ ತುಂಬಿಕೊಡಿ.

ನಮ್ಮ ಹುಡುಗಿಯ ವಿಷಯದಲ್ಲೇ ನಾವು ಒಂದು ವರ್ಷ ತಡ ಮಾಡಿದೆವು. ಮಿಷನ್ ವಾತ್ಸಲ್ಯ ಅಂತ ಒಂದು ಸರ್ಕಾರಿ ಯೋಜನೆ ಇದೆ. ತಂದೆ ಇಲ್ಲದ ಮಕ್ಕಳು, ನೆಂಟರ ಮನೆಯಲ್ಲಿರುವ ಅನಾಥ ಮಕ್ಕಳು, ತಂದೆ ತಾಯಿಗೆ ಮಾರಕ ಕಾಯಿಲೆ ಇರುವ ಮಕ್ಕಳು, ಇಂಥವರಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ. ಹಳ್ಳಿಯಲ್ಲಾದರೆ ಮನೆಯ ವಾರ್ಷಿಕ ಆದಾಯ 72,000 ಮೀರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಅರ್ಜಿ ಹಾಕಿದವರಿಗೆಲ್ಲ ಸಿಗುತ್ತದೆ ಅಂತಲ್ಲ. ಅವಳು ಒಂಬತ್ತಕ್ಕೆ ಬಂದಾಗ ಅರ್ಜಿ ಹಾಕಿಸಿದೆವು, ಸಿಕ್ಕಿತು. ಅಲ್ಲಿಂದ ನಮ್ಮ ದುಡ್ಡು ಅವಳಿಗಿಂತ ಜಾಸ್ತಿ ಅವಶ್ಯಕತೆ ಇದ್ದ ಇನ್ನೊಬ್ಬನಿಗೆ ಹೋಯಿತು.

ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಅಂತ ಇತ್ತು. ಹಳ್ಳಿಯ ಬಡ ಹುಡುಗ ಪೇಟೆಗೆ ಓದಲು ಬಂದರೆ ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದು ಮನೆ. ಅದು ಎಲ್ಲ ಜಾತಿಯ ಹುಡುಗರಿಗೆ ಸಿಗುತ್ತಿರಲಿಲ್ಲ. ಹುಡುಗಿಯರಿಗಂತೂ ಇಲ್ಲವೇ ಇಲ್ಲ. ಅದನ್ನು ಮರೆತು ಹೊಗಳುವುದು ಸರಿಯಲ್ಲ. ಆದರೆ ಅದರಲ್ಲಿ ಒಂದು ಒಳ್ಳೆಯ ಲೆಕ್ಕ ಇತ್ತು. ಏಳು ಮನೆ ಸೇರಿ ಒಬ್ಬನನ್ನು ಸಾಕುತ್ತಿದ್ದರು. ಒಂದು ಮನೆಯವರಿಗೆ ಕಷ್ಟ ಬಂದರೆ ಹುಡುಗನಿಗೆ ಒಂದು ದಿನದ ಊಟ ತಪ್ಪುತ್ತಿತ್ತು, ಓದು ತಪ್ಪುತ್ತಿರಲಿಲ್ಲ. ನಾವು ಅದನ್ನೇ ಹಿಡಿದುಕೊಂಡಿದ್ದೇವೆ. ಒಂದು ಮಗುವಿಗೆ ಮೂರು ಜನ. ಒಬ್ಬರ ಕೆಲಸ ಹೋದರೆ, ಒಬ್ಬರ ಮನೆಯಲ್ಲಿ ಕಾಯಿಲೆ ಬಂದರೆ, ಉಳಿದಿಬ್ಬರು ಆ ವರ್ಷ ನಡೆಸುತ್ತಾರೆ. ಸಂಕೋಚ ಇಲ್ಲದೆ ಹೇಳಿಬಿಡಬಹುದು.

ಹುಡುಗಿ 2025ರಲ್ಲಿ ಎಸ್ಸೆಸ್ಸೆಲ್ಸಿ ಬರೆದಳು. ಗಣಿತದಲ್ಲಿ ಫೇಲು. ನನ್ನ ವಿಷಯದಲ್ಲೇ. ಫಲಿತಾಂಶದ ದಿನ ಮನೆಗೆ ಹೋದೆ. ಒಲೆ ಮುಂದೆ ಕೂತು ಬೆಂಕಿ ನೋಡುತ್ತಿದ್ದಳು. ನೆಂಟರೊಬ್ಬರು ಬಂದು ಜಗಲಿಯಲ್ಲಿ ಆಗಲೇ ಕೂತಿದ್ದರು, ಭದ್ರಾವತಿ ಕಡೆಯ ಗಂಡಿನ ವಿಷಯ ತೆಗೆದಿದ್ದರು. ಹದಿನಾರು ವರ್ಷದ ಹುಡುಗಿಗೆ. ಅದು ಕಾನೂನಿಗೆ ವಿರುದ್ಧ ಅಂತ ಅವರಿಗೆ ನೇರವಾಗಿಯೇ ಹೇಳಿದೆ. ಇಂಥದ್ದು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ನಿಮಗೂ ಗೊತ್ತಿರಲಿ. ಆಮೇಲೆ ತಾಯಿಗೆ ಹೇಳಿದೆ, ಈಗ ವರ್ಷಕ್ಕೆ ಮೂರು ಪರೀಕ್ಷೆ ಇದೆ, ಎರಡನೆಯದು ಮೇ ತಿಂಗಳಲ್ಲೇ ಬರುತ್ತದೆ ಅಂತ. ತಾಯಿ ಸುಮ್ನೆ ಕೇಳಿಸಿಕೊಂಡರು. ಜಗಲಿಯಲ್ಲಿದ್ದವರಿಗೆ ಕಾಫಿ ಕೊಟ್ಟು, "ಮೇಡಂ ಹೇಳಿದ ಹಾಗೆ ಇನ್ನೊಂದು ಸಲ ಬರೀಲಿ. ಬೇರೆ ಮಾತು ಬೇಡ" ಅಂದರು. ಆ ಮೂರು ವರ್ಷದಲ್ಲಿ ಆಕೆ ಗಟ್ಟಿ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಇಪ್ಪತ್ತು ದಿನ ನನ್ನ ಮನೆಗೆ ಬಂದು ಲೆಕ್ಕ ಮಾಡಿದಳು. ಮೇ ಕೊನೆಯಲ್ಲಿ ಬರೆದಳು. ಗಣಿತದಲ್ಲಿ 41 ಬಂತು. ಈಗ ಪಿಯುಸಿ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ.

ಈ ಜೂನ್‌ಗೆ ನಮ್ಮ ಪುಸ್ತಕದಲ್ಲಿ ಹೊಸದಾಗಿ ಆರು ಹೆಸರು ಇವೆ. ನಾಲ್ಕಕ್ಕೆ ಜನ ಸಿಕ್ಕಿದ್ದಾರೆ. ಉಳಿದ ಇಬ್ಬರಲ್ಲಿ ಒಬ್ಬಳು ಕೆಲಸಕ್ಕೆ ಅಂತ ಬಯಲುಸೀಮೆಯಿಂದ ತೋಟಕ್ಕೆ ಬಂದ ಮನೆಯವಳು, ಅವಳ ಟಿಸಿ ಇನ್ನೂ ಹಳೆಯ ಶಾಲೆಯಲ್ಲೇ ಇದೆ. ಯಾರಾದರೂ ಹೋಗಿ ತರಬೇಕು. ಇನ್ನೊಬ್ಬ ಹುಡುಗ ಅದೇ 7:10ರ ಬಸ್ಸಿನ ದಾರಿಯವನು. ಮಳೆ ಹಿಡಿಯುವ ಮೊದಲು ಅವನಿಗೆ ಛತ್ರಿ ಬೇಕು, ಬಸ್ಸಿಗೆ ದಿನಕ್ಕೆ 50 ರೂಪಾಯಿ ಬೇಕು. ಸಭೆ ಮುಗಿದ ಮೇಲೆ ನಾನು ಇಲ್ಲೇ ಬಾಗಿಲ ಹತ್ತಿರ ಕೂತಿರುತ್ತೇನೆ. ಪುಸ್ತಕ ತಂದಿದ್ದೇನೆ.